ಹಗ್ಗ ಬಿಟ್ಟ ಮೇಲೆ

ಹಗ್ಗ ಬಿಟ್ಟೇಬಿಟ್ಟಳು!

ಬೋಟಿನಲ್ಲಿ ಕೂತಿದ್ದ ನಾನು ಕೂಗಿಕೊಂಡೆ. ಆದರೆ ಅಣ್ಣನ ಮಗಳು ಮುಳುಗಲಿಲ್ಲ, ಹಿಂದೆ ಬೀಳಲೂ ಇಲ್ಲ. ಹತ್ತೇ ಅಡಿ ದೂರದಲ್ಲಿ, ಹಲಗೆಯ ಮೇಲೆ ನಿಂತು, ಎರಡೂ ಬರಿಗೈ ಮೇಲೆತ್ತಿ ನಮ್ಮ ಜೊತೆಜೊತೆಗೇ ಬರುತ್ತಿದ್ದಾಳೆ. "ಚಿಕ್ಕಪ್ಪಾ, ನೋಡಿ ಇಲ್ಲಿ!" ಅವಳನ್ನು ಎಳೆಯುವವರೇ ಇಲ್ಲ. ಅಲೆಯೊಂದೇ ಹೊತ್ತು ತರುತ್ತಿದೆ.

ಹಾಗಂತ ಇದು ಸಮುದ್ರವಲ್ಲ, ಅಣೆಕಟ್ಟಿನ ಹಿನ್ನೀರು. ಅಮೆರಿಕದ ಅಟ್ಲಾಂಟಾ ನಗರದ ಉತ್ತರಕ್ಕೆ, ಚಟ್ಟಹೂಚಿ ನದಿಗೆ ಬ್ಯೂಫರ್ಡ್ ಅಣೆಕಟ್ಟು ಕಟ್ಟಿ 1956ರಿಂದ ತುಂಬಿಸಿದ ಲೇಕ್ ಲೇನಿಯರ್. ಸುಮಾರು 38,000 ಎಕರೆ ನೀರು. ದಡದ ಅಂಕುಡೊಂಕನ್ನೆಲ್ಲ ಅಳೆದರೆ 1,100 ಕಿ.ಮೀ.! ಈ ನದಿಯ ಮೇಲೆ ಕವಿತೆ ಕಟ್ಟಿದ ಸಿಡ್ನಿ ಲೇನಿಯರ್ ಹೆಸರನ್ನೇ ಇದಕ್ಕಿಟ್ಟಿದ್ದಾರೆ. ಕವಿಯ ಹೆಸರು ಹೊತ್ತ ಜಲಾಶಯ! 1996ರ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ನಡೆದದ್ದೂ ಇಲ್ಲೇ. ಆ ಆಟಕ್ಕೆ ಅಲೆಯೇ ಆಗಿಬರುವುದಿಲ್ಲ. ಅಂಥ ನೀರಿನಲ್ಲಿ ಈ ಅಲೆ ಎಲ್ಲಿಂದ ಎದ್ದಿತು?

ಗುಟ್ಟು ಬೋಟಿನ ಹೊಟ್ಟೆಯಲ್ಲಿದೆ. ಹೊರಡುವ ಮೊದಲು ಪಂಪು ಹಾಕಿ, ಕೆರೆಯ ನೀರನ್ನೇ ಸಾವಿರ ಕೆ.ಜಿ.ಗೂ ಮಿಕ್ಕಿ ಒಳಗಿನ ತೊಟ್ಟಿಗಳಿಗೆ ತುಂಬಿಕೊಂಡರು. ಬೋಟು ಭಾರಕ್ಕೆ ಕುಸಿದು ಕೂತಿತು. ಗಂಟೆಗೆ ಸುಮಾರು 18 ಕಿ.ಮೀ. ವೇಗ, ಅಷ್ಟೇ, ಸೈಕಲ್ ತುಳಿಯುವಷ್ಟು. ಭಾರದ ಬೋಟು ನೀರನ್ನು ಸೀಳಿ ಅತ್ತಿತ್ತ ತಳ್ಳುತ್ತದೆ, ತಳ್ಳಿಸಿಕೊಂಡ ನೀರು ಹಿಂದೆ ಬಂದು ಕೂಡಿ ದಿಬ್ಬವಾಗುತ್ತದೆ. ಹಿಂಭಾಗದ ಒಂದು ಪಕ್ಕದಲ್ಲಿ ಪುಟ್ಟ ಹಲಗೆಯೊಂದು ಹೊರಚಾಚಿಕೊಂಡು ಆ ಬದಿಯ ನೀರನ್ನು ತುಸು ತಡೆಯುತ್ತದೆ. ಇನ್ನೊಂದು ಬದಿಯ ಅಲೆ ಗಾಜಿನಂತೆ ನಯವಾಗಿ ಏಳುತ್ತದೆ. ಪ್ರೊಪೆಲರ್ ಬೋಟಿನ ತಳದಡಿ, ಒಳಕ್ಕಿದೆ. ಮೋಟರನ್ನು ಹಿಂದಕ್ಕೆ ತೂಗುಹಾಕಿದ ಬೋಟಿನಲ್ಲಿ ಈ ಆಟ ಎಂದೂ ಕೂಡದು.

ಆದರೆ ನನ್ನನ್ನು ಮರುಳು ಮಾಡಿದ್ದು ಒಂದು ತರಗೆಲೆ. ಅಲೆ ಬಂತು, ಎಲೆ ಏರಿತು, ಇಳಿಯಿತು, ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು. ಅಂದರೆ ನೀರು ನಮ್ಮ ಜೊತೆ ಬರುತ್ತಿಲ್ಲ! ಬರುತ್ತಿರುವುದು ಅಲೆಯ ಆಕಾರ ಮಾತ್ರ, ಕ್ಷಣಕ್ಷಣಕ್ಕೂ ಹೊಸ ನೀರಿನಲ್ಲಿ. ಹುಡುಗಿ ಗುಡ್ಡ ಇಳಿಯುತ್ತಲೇ ಇದ್ದಾಳೆ, ಗುಡ್ಡ ಮುಗಿಯುತ್ತಲೇ ಇಲ್ಲ. ಕಡಲಿನ ಅಲೆ ದಡ ಮುಟ್ಟಿ ಒಡೆಯುತ್ತದೆ. ಈ ಅಲೆ ಬೋಟು ಓಡುವಷ್ಟು ಹೊತ್ತೂ ಇರುತ್ತದೆ.

ಬದಿಗೆ ಸರಿದ ಅಲೆಗಳು ಮಾತ್ರ ದಡದತ್ತ ಹೋಗುತ್ತವೆ, ಮಣ್ಣು ಕೊರೆಯುತ್ತವೆ. ಇಂಥ ಬೋಟುಗಳು ದಡದಿಂದ 500 ಅಡಿಯಾದರೂ ದೂರವಿರಲಿ ಎಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಅಳೆದು ಹೇಳಿದರು. ಅದಕ್ಕೇ ನಾವು ನಟ್ಟನಡುವಿನ ವಿಶಾಲ ನೀರಿಗೆ ಬಂದದ್ದು.

ಕೊನೆಗೆ ಲೈಫ್ ಜಾಕೆಟ್ ಬಿಗಿದು ನಾನೂ ಇಳಿದೆ. ಐದು ಸಲ ಬಿದ್ದೆ. ಆರನೆಯ ಸಲ ಕಾಲಡಿ ಏನೋ ಮೇಲಕ್ಕೊತ್ತಿತು. ಅಷ್ಟು ಹೊತ್ತು ತೋಳು ಸೆಳೆಯುತ್ತಿದ್ದ ಹಗ್ಗ ಸಡಿಲಾಗಿ ಜೋತುಬಿತ್ತು. "ಬಿಡಿ ಚಿಕ್ಕಪ್ಪಾ, ಈಗ ಬಿಡಿ!" ಎಂದು ಬೋಟಿನಿಂದ ಅವಳು ಕೂಗಿದಳು.

ಬೆರಳು ಬಿಚ್ಚಿದೆ.