ಹಳೇ ಲೋಗನ್‌ಗೆ ಸಸ್ತಾ ಪಾರ್ಟ್ಸ್ ಎಲ್ಲಿ?

ಕಮಲಾಪುರದಾಗ ಕೇಳ್ರಿ, ಕಲಬುರಗಿ ಶಹರದಾಗ ಕೇಳ್ರಿ, ‘ಲೋಗನ್ ಪಾರ್ಟ್ಸ್ ಅವ ಏನ್ರಿ?’ ಅಂದ್ರ ‘ಇಲ್ರಿ’ ಅಂತಾರ. ಕೇಳೋ ಹೆಸರು ಬದಲಿಸ್ರಿ!

ಫ್ರಾನ್ಸಿನ ರೆನೋ, ಮಹೀಂದ್ರಾ ಜೋಡಿ ಸೇರಿ 2007ರಾಗ ಈ ಕಾರು ತಂತು. 2010ರಾಗ ಇಬ್ಬರೂ ಬ್ಯಾರೆ ಆದ್ರು. 2011ರಿಂದ ಅದೇ ಗಾಡಿ ಮಹೀಂದ್ರಾ ವೆರಿಟೊ ಆತು. ಅದಕ್ಕ ವೆರಿಟೊ ಪಾರ್ಟ್ಸ್ ಕೇಳ್ರಿ.

ಡೀಸೆಲ್ ಗಾಡಿ ಏನು? ಅದರ 1.5 ಲೀಟರ್ ಎಂಜಿನ್ ಜಾತಿನೇ ಹಳೇ ಡೀಸೆಲ್ ಡಸ್ಟರ್, ನಿಸ್ಸಾನ್ ಸನ್ನಿ ಒಳಗೂ ಅದ. ಆದ್ರ ಎಲ್ಲಾ ಪಾರ್ಟೂ ಕೂಡಂಗಿಲ್ಲ. ಹಳೇ ಪಾರ್ಟಿನ ಮ್ಯಾಲಿನ ನಂಬರ್ ಫೋಟೊ ಹೊಡ್ಕೊಂಡು ಹೋಗಿ, ತಾಳೆ ನೋಡಿ ತಗೋರಿ.

ಬಾಗಿಲು, ಕನ್ನಡಿಗೆ ಗುಜರಿ ಸಾಮಾನು ನಡೀತದ. ಬ್ರೇಕ್, ಟೈಮಿಂಗ್ ಬೆಲ್ಟ್ ಮಾತ್ರ ಹೊಸದೇ ಹಾಕಿಸ್ರಿ. ಅಲ್ಲಿ ರೊಕ್ಕ ಉಳಿಸಬ್ಯಾಡ್ರಿ.