ಉಬ್ಬರವಿಳಿತದ ಮನಸ್ಸು

ಸುಖಕ್ಕೆ ಹಿಗ್ಗುವುದೂ ದುಃಖಕ್ಕೆ ಕುಗ್ಗುವುದೂ ಮಾನವಸಹಜ. ಆದರೆ ಮನಸ್ಸು ಕಾರಣದ ಅಳತೆಯನ್ನು ಮೀರಿ ದಿನಗಟ್ಟಲೆ ಉನ್ಮಾದದ ಶಿಖರವನ್ನೇರುವುದು, ಬಳಿಕ ತಿಂಗಳುಗಟ್ಟಲೆ ಖಿನ್ನತೆಯ ಪಾತಾಳಕ್ಕಿಳಿಯುವುದು ಸಹಜವಲ್ಲ, ವ್ಯಾಧಿ. ಈ ಎರಡು ಸ್ಥಿತಿಗಳನ್ನೂ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ 1899ರಲ್ಲಿ ಒಂದೇ ರೋಗದ ಹೆಸರಿನಡಿ ತಂದನು. ಇಂದು ಅದನ್ನು ಬೈಪೋಲಾರ್ ಕಾಯಿಲೆಯೆಂದು ಕರೆಯುತ್ತಾರೆ.

ಈ ರೋಗದ ವೈಚಿತ್ರ್ಯವೆಂದರೆ, ತನ್ನ ಪರವಾಗಿ ವಾದಿಸುವ ವಕೀಲನನ್ನು ಅದು ರೋಗಿಯ ಮನಸ್ಸಿನಲ್ಲಿಯೇ ನೇಮಿಸಿಕೊಳ್ಳುತ್ತದೆ. ಉತ್ಸಾಹವೇರಿದಾಗ ಮೂರು ಗಂಟೆಯ ನಿದ್ರೆಯೇ ಸಾಕೆನಿಸುತ್ತದೆ. ಅದು ಅಪಾಯದ ಮುನ್ಸೂಚನೆಯೆಂದು ರೋಗಿಗೆ ತೋರುವುದಿಲ್ಲ. ‘ನನ್ನ ನಿಜವಾದ ಸಾಮರ್ಥ್ಯ ಈಗ ಪ್ರಕಟವಾಗುತ್ತಿದೆ’ ಎಂದೇ ಅವನು ನಂಬುತ್ತಾನೆ. ಆ ನಂಬಿಕೆಯಿಂದ ಕೆಲಸ ಹೆಚ್ಚುತ್ತದೆ, ನಿದ್ರೆ ಮತ್ತಷ್ಟು ಕೆಡುತ್ತದೆ. ನಿದ್ರೆ ಕೆಟ್ಟಷ್ಟೂ ಉನ್ಮಾದ ಬಲಿಯುತ್ತದೆ. ಇಳಿತದಲ್ಲಿಯೂ ಇದೇ ಚಕ್ರ. ಒಂದು ದಿನದ ಆಯಾಸವೇ ‘ನಾನು ಯಾತಕ್ಕೂ ಬಾರದವನು’ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ರೋಗಿ ಹಾಸಿಗೆ ಬಿಟ್ಟೇಳುವುದಿಲ್ಲ; ಮಾಡದೆ ಉಳಿದ ಕೆಲಸ ಆ ನಂಬಿಕೆಯನ್ನೇ ದೃಢಪಡಿಸುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜಾಮಿಸನ್ ಈ ರೋಗವನ್ನು ಅಭ್ಯಸಿಸಿದವರು ಮಾತ್ರವಲ್ಲ, ಅನುಭವಿಸಿದವರೂ ಹೌದು. 1974ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದ ಕೆಲವೇ ತಿಂಗಳಲ್ಲಿ ಅವರು ತೀವ್ರ ಉನ್ಮಾದಕ್ಕೊಳಗಾದರು. ಹಾವು ಕಡಿತದ ಚಿಕಿತ್ಸಾ ಪೆಟ್ಟಿಗೆಗಳನ್ನು ಸಹ ರಾಶಿಯಾಗಿ ಕೊಂಡು ತಂದರು. ಉನ್ಮಾದಕ್ಕೆ ಫಲಕಾರಿಯೆಂದು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ತೋರಿಸಿಕೊಟ್ಟಿದ್ದ ಲಿಥಿಯಂ ಅವರನ್ನು ಸ್ಥಿಮಿತಕ್ಕೆ ತಂದಿತು. ಆದರೂ ಅವರು ಅದನ್ನು ಮತ್ತೆ ಮತ್ತೆ ತೊರೆದರು. ಸ್ವಂತ ಮನೋಬಲದಿಂದಲೇ ಇದನ್ನು ಗೆಲ್ಲಬೇಕೆಂಬ ನಂಬಿಕೆ ಒಂದು ಕಡೆ. ಉನ್ಮಾದದ ಹೊಳಪು ಕೈಬಿಟ್ಟು ಹೋದೀತೆಂಬ ಕಳವಳ ಇನ್ನೊಂದು ಕಡೆ. ಇದಕ್ಕೆ ಅವರು ತೆತ್ತ ಬೆಲೆ ಘೋರವಾದ ಖಿನ್ನತೆ ಮತ್ತು ಆತ್ಮಹತ್ಯೆಯ ಒಂದು ಪ್ರಯತ್ನ. ಬದುಕಿ ಉಳಿದ ಅವರು 1995ರ ತಮ್ಮ ಆತ್ಮಕಥೆಯಲ್ಲಿ ಇದನ್ನೆಲ್ಲ ಮರೆಮಾಚದೆ ಬರೆದರು. ತಮಗೆ ಔಷಧಿಯೂ ಬೇಕಾಯಿತು, ಮನೋಚಿಕಿತ್ಸೆಯೂ ಬೇಕಾಯಿತು ಎಂಬುದೇ ಅವರ ಅನುಭವದ ಸಾರ.

ನಂಬಿಕೆಯೊಂದೇ ಈ ರೋಗಕ್ಕೆ ಮೂಲವಲ್ಲ. ವಂಶವಾಹಿಗಳ ಪಾತ್ರ ಹಿರಿದು. ಆದುದರಿಂದ ಮನೋಚಿಕಿತ್ಸೆ ಔಷಧಿಗೆ ಬದಲಿಯಲ್ಲ, ಜೊತೆಗಾರ. ಅದು ರೋಗಿಗೆ ಕಲಿಸುವ ಉಪಾಯಗಳು ಸರಳವಾದವು. ನಿದ್ರೆಯನ್ನೂ ಮನಃಸ್ಥಿತಿಯನ್ನೂ ದಿನವೂ ಬರೆದಿಡಬೇಕು. ಅದ್ಭುತವೆನಿಸುವ ಯೋಜನೆ ಹೊಳೆದರೆ ಎರಡು ದಿನ ತಡೆದು, ನಂಬಿಕಸ್ಥರಾದ ಇಬ್ಬರನ್ನು ಕೇಳಿ ಮುಂದಡಿಯಿಡಬೇಕು. ನಿಜವಾಗಿಯೂ ಒಳ್ಳೆಯ ಯೋಜನೆ ಎರಡು ದಿನದಲ್ಲಿ ಕೆಡಲಾರದು.

‘ಮನಸ್ಸಿದ್ದರೆ ಮಾರ್ಗ’ ಎಂಬುದು ಒಳ್ಳೆಯ ಗಾದೆಯೇ. ಆದರೆ ಮನಸ್ಸೇ ಕಾಯಿಲೆ ಬಿದ್ದಾಗ ಅದಕ್ಕೆ ಬೇಕಾದುದು ಗಾದೆಯಲ್ಲ, ವೈದ್ಯ. ‘ಗಟ್ಟಿ ಮನಸ್ಸು ಮಾಡಿಕೊ’ ಎಂದು ಉಪದೇಶಿಸುವ ಬಂಧುಗಳು ರೋಗಿಯನ್ನು ವೈದ್ಯನ ಬಳಿಗೆ ಕರೆದೊಯ್ದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.