ಹಿಗ್ಗುವ ಬಟ್ಟೆಗೆ ಹಿಗ್ಗುವ ಹೊಲಿಗೆ

ಪುಣಜನೂರಿನಿಂದ ಘಾಟಿ ಇಳಿದು ಸತ್ಯಮಂಗಲ ದಾಟಿದರೆ ಬನಿಯನ್ ಬಟ್ಟೆಗೆ ಹೆಸರಾದ ತಿರುಪ್ಪೂರು ಬಹಳ ದೂರವಿಲ್ಲ. ಮಕ್ಕಳು ಚಳಿಗೆ ತೊಡುವ ಸ್ವೆಟ್‌ಶರ್ಟೂ ಅದೇ ಜಾತಿಯ ಹೆಣೆದ ಬಟ್ಟೆ. ನೇಯ್ಗೆ ಮತ್ತು ಹೆಣಿಗೆಯ ಪಾಠಕ್ಕೆ ಒಂದನ್ನು ಮನೆಯಲ್ಲೇ ಹೊಲಿದು ಒಯ್ದೆ. ಹುಡುಗನೊಬ್ಬ ತಲೆ ತೂರಿಸಿದ, ಕತ್ತಿನ ಹೊಲಿಗೆ ಟಪ್ಪನೆ ಹರಿಯಿತು. ತರಗತಿ ನಕ್ಕಿತು.

ತಪ್ಪು ನನ್ನದೇ. ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎರಡೂ ನೂಲು ಹೆಚ್ಚುಕಡಿಮೆ ನೇರ. ಹೆಣೆದದ್ದರಲ್ಲಿ ನೂಲು ಕುಣಿಕೆಗಳಾಗಿರುತ್ತದೆ. ಎಳೆದಾಗ ಮುಖ್ಯವಾಗಿ ಬದಲಾಗುವುದು ನೂಲಿನ ಉದ್ದವಲ್ಲ, ಕುಣಿಕೆಯ ಆಕಾರ. ಸಾದಾ ಮೆಷಿನ್ನಿನ ನೇರ ಹೊಲಿಗೆಯಲ್ಲಿ ಹೀಗೆ ಬಿಟ್ಟುಕೊಡಲು ಹೆಚ್ಚಿನ ನೂಲಿಲ್ಲ. ಓವರ್‌ಲಾಕ್ ಮೆಷಿನ್ 3 ಅಥವಾ 4 ನೂಲನ್ನು ಅಂಚಿಗೆ ಕುಣಿಕೆಯಾಗಿಯೇ ಸುತ್ತುತ್ತದೆ.

ಮತ್ತೆ ಹೊಲಿದೆ. ಹತ್ತಿ ಬಟ್ಟೆ ಕುಗ್ಗುವುದರಿಂದ ಕತ್ತರಿಸುವ ಮೊದಲು ಒಗೆಯಬೇಕು. ಹೆಚ್ಚು ಹಿಗ್ಗುವ ದಿಕ್ಕು ಮೈಯ ಸುತ್ತ ಬರಬೇಕು. ಸೂಜಿ ಗುಂಡುಮೊನೆಯದು, ಚೂಪು ಸೂಜಿ ಕುಣಿಕೆಯನ್ನೇ ಕಡಿದೀತು. ಹೊಲಿಯುತ್ತಲೇ ಬ್ಲೇಡು ಅಂಚು ಕತ್ತರಿಸುವುದರಿಂದ ಗುಂಡುಪಿನ್ನನ್ನು ದಾರಿಯಲ್ಲಿ ಬಿಡಬಾರದು. ಭುಜ, ಕತ್ತು, ತೋಳು, ಕೊನೆಗೆ ತೋಳಿನಡಿಯಿಂದ ಪಕ್ಕದವರೆಗೆ ಒಂದೇ ಓಟ. ಕತ್ತಿನ ಪಟ್ಟಿಯೇ ಕಷ್ಟದ ಭಾಗ: ಕತ್ತಿನ ಸುತ್ತಳತೆ 50 ಸೆಂ.ಮೀ. ಇದ್ದರೆ ರಿಬ್ ಪಟ್ಟಿ ಸುಮಾರು 42, ಜೊತೆಗೆ ಹೊಲಿಗೆಯ ಅಂಚು. ಎರಡನ್ನೂ ನಾಲ್ಕು ಭಾಗವಾಗಿ ಗುರುತಿಸಿ, ಪಟ್ಟಿಯನ್ನಷ್ಟೇ ಸಮನಾಗಿ ಎಳೆಯಬೇಕು. ಮೈಬಟ್ಟೆಯನ್ನು ಎಳೆದರೆ ಅಂಚು ಅಲೆಅಲೆಯಾಗುತ್ತದೆ.

ಮುಂದಿನ ಅವಧಿಗೆ ಎರಡೂ ಬಗೆಯ ಹೊಲಿಗೆಯ ತುಂಡುಗಳನ್ನು ಮಕ್ಕಳ ಕೈಗೇ ಕೊಟ್ಟು ಎಳೆಯಿರಿ ಎಂದೆ. ಅದೇ ಹುಡುಗ ಹರಿದ ಹೊಲಿಗೆಯ ನೂಲು ಬಿಡಿಸಿ ಬೆಂಚಿನ ಮೇಲೆ ಹರಡಿ, “ಇದು ನೆಟ್ಟಗದೆ ಮೇಡಂ, ಅದ್ಕೇ ಕಿತ್ತೋಯ್ತು” ಅಂದ.